ಬುಕ್ನೆರಾ ಮತ್ತು ಸಸ್ಯಹೇನು: ಜೀನ್ ಅಭಿವ್ಯಕ್ತಿ ಅಧ್ಯಯನದ ಇತಿಹಾಸ

ಸಸ್ಯಹೇನಿನ ಹೊಟ್ಟೆಯಲ್ಲಿ ಬ್ಯಾಕ್ಟೀರಿಯೋಸೈಟ್‌ಗಳೆಂಬ ದೊಡ್ಡ ಜೀವಕೋಶಗಳಿವೆ. ಅವುಗಳೊಳಗೆ ನೆಲೆಸಿರುವ ಬುಕ್ನೆರಾ ಬ್ಯಾಕ್ಟೀರಿಯಾ, ಗಿಡದ ರಸದಲ್ಲಿ ಸಾಲದಷ್ಟಿರುವ ಅಗತ್ಯ ಅಮೈನೋ ಆಮ್ಲಗಳನ್ನು ತಯಾರಿಸಿ ಹೇನಿಗೆ ಒದಗಿಸುತ್ತದೆ. ತಾಯಿಯಿಂದ ಮರಿಗೆ ದಾಟುತ್ತ ಬಂದ ಈ ನಂಟು ಹದಿನೈದು ಕೋಟಿ ವರ್ಷಗಳಿಗೂ ಹಳೆಯದೆಂದು ಅಂದಾಜು.

ಜೀವವಿಜ್ಞಾನಿ ಹಕ್ಸ್ಲಿ 1858ರಲ್ಲೇ ಈ ಕೋಶಗಳಿಂದಾದ ಅಂಗವನ್ನು ವರ್ಣಿಸಿದ್ದ. ರಸ ಹೀರುವ ಕೀಟಗಳ ಇಂಥ ಅಂಗದಲ್ಲಿರುವುದು ಸೂಕ್ಷ್ಮಜೀವಿಗಳೆಂದು ಪಿಯೆರಾಂತೋನಿ ಮತ್ತು ಶುಲ್ತ್ಸ್ 1910ರಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಜರ್ಮನಿಯ ಪೌಲ್ ಬುಕ್ನರ್ ಇಂಥ ಸಹಜೀವನಗಳ ಅಧ್ಯಯನಕ್ಕೇ ಬದುಕನ್ನು ಮೀಸಲಿಟ್ಟ; 1991ರಲ್ಲಿ ಬ್ಯಾಕ್ಟೀರಿಯಾಕ್ಕೆ ಅವನ ಹೆಸರು ಬಂತು.

ಜೀನ್ ನಿಯಂತ್ರಣದ ಪ್ರಶ್ನೆ ಮೊನಚಾದದ್ದು 2000ದಲ್ಲಿ. ಜಪಾನಿನ ಶಿಗೆನೊಬು ಮತ್ತು ಸಂಗಡಿಗರು ಓದಿದ ಬುಕ್ನೆರಾ ಜೀನೋಮ್ ಸುಮಾರು 6.4 ಲಕ್ಷ ಡಿಎನ್‌ಎ ಅಕ್ಷರಗಳಷ್ಟೇ ಇತ್ತು. ಅದರ ಬಂಧು ಇ. ಕೊಲಿಯದು ಸುಮಾರು 46 ಲಕ್ಷ. ಜೀನುಗಳನ್ನು ಏರಿಳಿಸುವ ನಿಯಂತ್ರಕಗಳಲ್ಲಿ ಬಹುಪಾಲು ಕಳೆದುಹೋಗಿದ್ದವು. ಹಾಗಾದರೆ ಉತ್ಪಾದನೆಯ ಲಗಾಮು ಯಾರ ಕೈಯಲ್ಲಿದೆ?

ಹೆಚ್ಚಿನ ಪುರಾವೆ ಹೇನಿನತ್ತ ಬೆರಳು ತೋರಿತು. ಬ್ಯಾಕ್ಟೀರಿಯೋಸೈಟ್‌ಗಳಲ್ಲಿ ಅಮೈನೋ ಆಮ್ಲಗಳನ್ನು ತಯಾರಿಸುವ, ಸಾಗಿಸುವ ಹೇನಿನ ಜೀನುಗಳು ವಿಶೇಷವಾಗಿ ಚುರುಕಾಗಿವೆಯೆಂದು ನಕಬಾಚಿ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಹ್ಯಾನ್ಸೆನ್ ಮತ್ತು ಮೊರಾನ್ 2011ರಲ್ಲಿ ಇನ್ನೂ ಮುಂದೆ ಹೋದರು: ಕೆಲವು ಅಮೈನೋ ಆಮ್ಲಗಳ ಕೊನೆಯ ಹಂತಕ್ಕೆ ಬೇಕಾದ ಜೀನು ಬುಕ್ನೆರಾದಲ್ಲಿಲ್ಲ, ಹೇನಿನ ಜೀನು ಆ ಕೊರತೆ ತುಂಬುತ್ತದೆ, ಹೇನಿನ ತ್ಯಾಜ್ಯವಾದ ಅಮೋನಿಯಾ ಕೂಡ ಇಲ್ಲಿ ಮರುಬಳಕೆಯಾಗುತ್ತದೆ. ಒಂದೇ ಉತ್ಪಾದನಾ ಸರಣಿ ಎರಡು ಜೀನೋಮ್‌ಗಳಲ್ಲಿ ಹಂಚಿಹೋಗಿದೆ ಎಂಬುದು, ಸಣ್ಣ ಜೀನೋಮಿಗಿಂತಲೂ ದೊಡ್ಡ ಅಚ್ಚರಿ.

ಆದರೂ ಬುಕ್ನೆರಾವನ್ನು ಬರೀ ಆಜ್ಞಾಪಾಲಕ ಎನ್ನುವುದು ಆತುರದ ತೀರ್ಮಾನ. ಅದರ ಶಾಖಪ್ರತಿಕ್ರಿಯೆಯ ಐಬಿಪಿಎ ಜೀನಿನ ಪ್ರವರ್ತಕದಲ್ಲಿ, ಅಂದರೆ ಜೀನನ್ನು ಚಾಲೂ ಮಾಡುವ ಭಾಗದಲ್ಲಿ, ಒಂದೇ ಅಕ್ಷರ ಅಳಿದರೆ, ಬಿಸಿಲಿನ ಹೊಡೆತದ ಬಳಿಕ ಹೇನಿನ ಸಂತಾನ ತೀರಾ ಕುಗ್ಗುತ್ತದೆ. ತಂಪಿನಲ್ಲಿ ಮಾತ್ರ ಅದೇ ಹೇನುಗಳು ಚೆನ್ನಾಗಿ ಮರಿ ಹಾಕುತ್ತವೆ. ಇದು 2007ರ ಶೋಧ. 2014ರಲ್ಲಿ ಹ್ಯಾನ್ಸೆನ್ ಮತ್ತು ಡೆಗ್ನಾನ್ ಬುಕ್ನೆರಾದಲ್ಲಿ ಸಣ್ಣ ಆರ್‌ಎನ್‌ಎಗಳನ್ನು ವರದಿ ಮಾಡಿದರು. ಹಳೆಯ ನಿಯಂತ್ರಕಗಳಿಲ್ಲದೆಯೂ ಬ್ಯಾಕ್ಟೀರಿಯಾ ತನ್ನ ಪ್ರೋಟೀನುಗಳ ಪ್ರಮಾಣವನ್ನು ಹೊಂದಿಸಿಕೊಳ್ಳುತ್ತಿರಬಹುದು ಎಂಬ ಸುಳಿವು ಅದು.

ಬ್ಯಾಕ್ಟೀರಿಯಾವನ್ನು ಒಳಗಿಟ್ಟುಕೊಂಡ ಇನ್ನೊಂದು ಕೀಟ, ಅಕ್ಕಿ ಹುಳುವಿನ ಗುಂಪಿನಲ್ಲಿ ನಿಯಂತ್ರಣದ ಬಗೆಯೇ ಬೇರೆ. ಕೀಟ ಹೊರಬಿಡುವ ಕೋಲಿಯಾಪ್ಟರಿಸಿನ್-ಎ ಎಂಬ ಪೆಪ್ಟೈಡ್ ಅದರ ಸಹಜೀವಿ ಬ್ಯಾಕ್ಟೀರಿಯಾದ ವಿಭಜನೆಯನ್ನು ತಡೆಯುತ್ತದೆ. 2011ರಲ್ಲಿ ಈ ಪೆಪ್ಟೈಡಿನ ಜೀನನ್ನು ಅಡಗಿಸಿದಾಗ ಬ್ಯಾಕ್ಟೀರಿಯಾ ಅಂಗದಾಚೆ ನುಗ್ಗಿದವು.

ಮತ್ತೆ ಸಸ್ಯಹೇನಿಗೆ ಬಂದರೆ, ಅದರ ಜೀನೋಮ್‌ನಲ್ಲಿ ಇತರ ಬ್ಯಾಕ್ಟೀರಿಯಾಗಳಿಂದ ಬಂದ ಕೆಲವು ಜೀನುಗಳೂ ಇವೆ. ಅಂಥದೊಂದು ಜೀನಿನಿಂದ ಹೇನಿನ ಕೋಶದಲ್ಲಿ ತಯಾರಾಗುವ ಆರ್‌ಎಲ್‌ಪಿಎ4 ಪ್ರೋಟೀನು ಬುಕ್ನೆರಾದೊಳಕ್ಕೆ ಸೇರುತ್ತದೆಂದು ನಕಬಾಚಿ 2014ರಲ್ಲಿ ಪ್ರಕಟಿಸಿದರು.