ಮದ್ದಿನ ಕಾರ್ಖಾನೆಯಿಂದ ಆಟದ ಕಾರಿಗೆ

ಮುಂಬಯಿಯಲ್ಲಿ ಮನೆ ರಿಪೇರಿ ಮಾಡಿಸಿದವರಿಗೆ ಗೊತ್ತಿರುತ್ತೆ, ಬಡಗಿ ಕಪಾಟು ಮುಗಿಸಿದ ಮೇಲೆ "ಡ್ಯೂಕೋ ಕರ್ ದೂಂ ಕ್ಯಾ?" ಅಂತ ಕೇಳುತ್ತಾನೆ. ಆ ಡ್ಯೂಕೋ ಅನ್ನೋದು ಮೂಲದಲ್ಲಿ ಕಾರಿನ ಬಣ್ಣದ ಹೆಸರು ಅಂತ ನನಗೆ ತಿಳಿದದ್ದು ಒಂದು ಆಟದ ಕಾರನ್ನು ಹಾಳು ಮಾಡಿಕೊಂಡ ಮೇಲೆ.

ಮಗನೂ ನಾನೂ ಸೇರಿ ಪ್ಲಾಸ್ಟಿಕ್ ಕಿಟ್‌ನ ಒಂದು ಶೆವ್ರೊಲೆ ಜೋಡಿಸಿದ್ದೆವು. ಅದಕ್ಕೆ ಕಾರಿನ ಗೀರು ಮುಚ್ಚುವ ಕೆಂಪು ಸ್ಪ್ರೇ ಡಬ್ಬಿ ತಂದು ಹೊಡೆದೆ. ನಿಜವಾದ ಕಾರಿಗೆ ನಿಜವಾದ ಬಣ್ಣ ಅಂತ ನನ್ನ ಲೆಕ್ಕ! ಹತ್ತು ನಿಮಿಷದಲ್ಲಿ ಬಾನೆಟ್ ತುಂಬಾ ಮೊಸಳೆ ಚರ್ಮದ ಹಾಗೆ ಬಿರುಕು. ಮಗ ಏನೂ ಹೇಳಲಿಲ್ಲ, ಸುಮ್ಮನೆ ಎದ್ದು ಒಳಗೆ ಹೋದ. ಅದೇ ಹೆಚ್ಚು ಚುಚ್ಚಿತು. ಹೀಗೇಕಾಯಿತು ಅಂತ ಹುಡುಕುತ್ತಾ ಹೋದರೆ ಕಥೆ ಮೊದಲ ಮಹಾಯುದ್ಧದ ತನಕ ಹೋಯಿತು.

ಆಗ ಕಾರಿಗೆ ಬಣ್ಣ ಬಳಿಯುವುದೆಂದರೆ ವಾರಗಟ್ಟಲೆ ಕೆಲಸ. ಎಣ್ಣೆ ವಾರ್ನಿಷ್ ಪದರದ ಮೇಲೆ ಪದರ, ಪ್ರತಿಯೊಂದೂ ಒಣಗಬೇಕು. ಯುದ್ಧ ಮುಗಿದಾಗ ಅಮೆರಿಕದ ಡ್ಯುಪಾಂಟ್ ಕಂಪನಿಯ ಹತ್ತಿರ ನೈಟ್ರೋಸೆಲ್ಯುಲೋಸ್ ಮಾಡುವ ದೊಡ್ಡ ದೊಡ್ಡ ಕಾರ್ಖಾನೆಗಳಿದ್ದವು. ಹೊಗೆಯಿಲ್ಲದ ಕೋವಿಮದ್ದಿನ ಮೂಲವಸ್ತು ಅದು. ಯುದ್ಧವೇ ಇಲ್ಲದ ಮೇಲೆ ಮದ್ದು ಯಾರಿಗೆ ಬೇಕು? ಅದನ್ನೇ ದ್ರಾವಕದಲ್ಲಿ ಕರಗಿಸಿ ಮಾಡಿದ ಲ್ಯಾಕರ್‌ಗೆ ಇಟ್ಟ ಹೆಸರು ಡ್ಯೂಕೋ. ಜನರಲ್ ಮೋಟರ್ಸ್ ಇದನ್ನು 1924ರ ಮಾಡೆಲ್ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿ ಬಣ್ಣವಾಗಿ ಹಾಕಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಹೊಡೆಯುವುದಕ್ಕೆ ಸ್ಪ್ರೇ ಗನ್ ಹೇಗೂ ಇತ್ತು. ಅದರ ಹಿರಿಯಜ್ಜ ಡಿವಿಲ್‌ಬಿಸ್ ಅನ್ನೋ ಡಾಕ್ಟರು ಗಂಟಲಿಗೆ ಔಷಧಿ ಚಿಮುಕಿಸಲು ಮಾಡಿದ ಪುಟ್ಟ ಬುರುಡೆ! ಕಪ್ಪು ಬಿಟ್ಟು ಬೇರೆ ಬಣ್ಣ ಕೊಡದೆ ವರ್ಷಗಟ್ಟಲೆ ಕೂತಿದ್ದ ಫೋರ್ಡ್ ಕೂಡ 1926ರ ಹೊತ್ತಿಗೆ ಮನಸ್ಸು ಬದಲಾಯಿಸಿತು.

ಈಗ ಆಟದ ಕಾರಿಗೆ ಬರೋಣ. 1948ರ ಸುಮಾರಿಗೆ ಡೆಟ್ರಾಯ್ಟ್ ಕಡೆ ಹುಟ್ಟಿದ ಎ.ಎಂ.ಟಿ. ಕಂಪನಿಯ ಹೆಸರಿನ ವಿಸ್ತಾರವೇ ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್. ಕಾರು ಮಾರುವವರ ಮೇಜಿನ ಮೇಲೆ ಇಡಲು ಮಾಡಿದ ಅದರ ಮೊದಲ ಫೋರ್ಡ್, ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದದ್ದು. ಅದಕ್ಕೆ ಹಾಕಿದ್ದು ಫೋರ್ಡಿನದೇ ಬಣ್ಣ. ಅಂದರೆ ನನ್ನ ಲೆಕ್ಕ ಪೂರ್ತಿ ತಪ್ಪಿರಲಿಲ್ಲ, ಸ್ವಲ್ಪ ತಡವಾಗಿತ್ತು ಅಷ್ಟೆ. ಬಲು ಬೇಗ ಲೋಹ ಹೋಗಿ ಪ್ಲಾಸ್ಟಿಕ್ ಬಂತು. ಮೊದಲು ಬಂದ ಸೆಲ್ಯುಲೋಸ್ ಅಸಿಟೇಟ್ ಕಾಲ ಕಳೆದಂತೆ ಸೊಟ್ಟಗಾಗುತ್ತಿತ್ತು, ಆಮೇಲೆ ಅದರ ಜಾಗಕ್ಕೆ ಪಾಲಿಸ್ಟೈರೀನ್. 1958ರಲ್ಲಿ ಎ.ಎಂ.ಟಿ. ಒಂದೇ ಡಬ್ಬಿಯಲ್ಲಿ ಮೂರು ಬಗೆಯಾಗಿ ಕಟ್ಟಬಹುದಾದ ಕಿಟ್ ತಂದಾಗ ಹುಡುಗರು ತಾವೇ ಬಣ್ಣಗಾರರಾದರು. ಸ್ಪ್ರೇ ಡಬ್ಬಿಯೂ ಅಷ್ಟರಲ್ಲಿ ಬಂದಿತ್ತು: 1949ರಲ್ಲಿ ಇಲಿನಾಯ್‌ನ ಎಡ್ವರ್ಡ್ ಸೀಮೋರ್, ಹೆಂಡತಿ ಬಾನಿಯ ಸಲಹೆ ಕೇಳಿ ಅಲ್ಯೂಮಿನಿಯಂ ಬಣ್ಣವನ್ನು ಡಬ್ಬಿಗೆ ತುಂಬಿದ್ದು. (ಹೆಂಡತಿ ಮಾತು ಕೇಳಿದವರ ಪಟ್ಟಿಗೆ ಇನ್ನೊಂದು ಹೆಸರು!)

ಎಡವಟ್ಟಾಗಿದ್ದು ಇಲ್ಲೇ. ಕಾರಿನ ಲ್ಯಾಕರ್ ಹುಟ್ಟಿದ್ದು ತಗಡಿಗಾಗಿ. ಅದರಲ್ಲಿರುವ ಅಸಿಟೋನ್, ಟಾಲ್ವೀನ್‌ನಂಥ ದ್ರಾವಕಗಳಿಗೆ ಉಕ್ಕು ಜಗ್ಗುವುದಿಲ್ಲ, ಪಾಲಿಸ್ಟೈರೀನ್ ಮಾತ್ರ ಮೆತ್ತಗಾಗುತ್ತದೆ. ಕಿಟ್ ಅಂಟಿಸುವ ಗೋಂದು ಕೆಲಸ ಮಾಡುವುದೂ ಇದೇ ಗುಣದಿಂದ! ಅಚ್ಚಿನಲ್ಲಿ ತಣ್ಣಗಾಗುವಾಗ ಒಳಗೆ ಉಳಿದ ಬಿಗಿತ ಎಲ್ಲಿದೆಯೋ ಅಲ್ಲಿ ಬಿರುಕು ಮೊದಲು ಬಿಡುತ್ತದೆ. ಅದಕ್ಕೇ ಬಲ್ಲವರು ಮೊದಲು ಪ್ರೈಮರ್ ಹೊಡೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಇಬ್ಬನಿಯ ಹಾಗೆ ತೆಳ್ಳಗೆ ಬಣ್ಣ ಹಾಕುತ್ತಾರೆ. ದ್ರಾವಕ ಕಚ್ಚುವ ಮೊದಲೇ ಹಾರಿಹೋಗಬೇಕು. ಜಪಾನಿನ ತಮಿಯಾ ಕಂಪನಿ ಸ್ಟೈರೀನ್‌ಗೇ ಬೇರೆ ಲ್ಯಾಕರ್ ಡಬ್ಬಿ ಮಾಡುತ್ತದೆ. ಅದರ ಟಿ.ಎಸ್. ಸಾಲು ಕಿಟ್‌ಗಳಿಗೆ, ಪಿ.ಎಸ್. ಸಾಲು ರಿಮೋಟ್ ಕಾರಿನ ಪಾಲಿಕಾರ್ಬೊನೇಟ್ ಮೈಗೆ, ಅದಲುಬದಲು ಮಾಡಬಾರದು.

ನಮ್ಮ ಊರಿನಲ್ಲಿ ಇನ್ನೊಂದು ತೊಂದರೆ, ಜುಲೈ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಬಣ್ಣ ಹಾಲಿನ ಹಾಗೆ ಮಂಕಾಗುತ್ತದೆ. ಎರಡನೇ ಸಲ ನಾನು ಕಲಿತದ್ದು ಇದನ್ನ.

ಮೂರನೇ ಸಲ ಡಿಸೆಂಬರಿನಲ್ಲಿ, ಬಾಲ್ಕನಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕೂತಾಗ ಡಬ್ಬಿ ಕುಲುಕಿದ್ದು ಮಗನೇ. ಹಳೆಯ ಬಾನೆಟ್ ಇನ್ನೂ ಅವನ ಡ್ರಾಯರಿನಲ್ಲಿದೆ, ಬಿಸಾಡಲು ಬಿಡುವುದಿಲ್ಲ.