ಮಂಗನ ಕಾಯಿಲೆ ಮತ್ತು ಮಲೆನಾಡಿನ ಕೃಷಿ

ಮಂಗನ ಕಾಯಿಲೆ ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಉಣುಗಿನ ಕಡಿತದಿಂದ ಬರುವ ವೈರಸ್ ಜ್ವರ. ವೈದ್ಯರ ದಾಖಲೆಗಳಲ್ಲಿ ಇದು ಕ್ಯಾಸನೂರು ಕಾಡಿನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳಲ್ಲೂ ಜನ ಜ್ವರದಿಂದ ಮಲಗಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ವೈರಸ್ಸನ್ನು ಪತ್ತೆಹಚ್ಚಿದರು. ಹೆಸರು ಮಂಗನಿಗೆ ಅಂಟಿಕೊಂಡಿದ್ದರೂ ಅದೂ ನಮ್ಮಂತೆಯೇ ಇದಕ್ಕೆ ಬಲಿಯಾಗುವ ಜೀವಿ.

ಏಕಾಏಕಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಇದರ ಲಕ್ಷಣಗಳು. ಸೋಂಕು ತಗಲಿದ ನೂರರಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಔಷಧವಿಲ್ಲ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ರೋಗ ಕಾಣಿಸುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ. ಕಣ್ಣಿಗೆ ಬೀಳದಷ್ಟು ಚಿಕ್ಕದಾದ ಮರಿ ಉಣುಗುಗಳು ಕಾಡಿನ ನೆಲದಲ್ಲಿ ತುಂಬುವ ಕಾಲವದು. ಮಲೆನಾಡಿನ ರೈತ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವುದೂ ಆಗಲೇ. ಅಡಿಕೆ ತೋಟದ ಬದುಕು ಸೊಪ್ಪು ತರುವ ಕಾಡಾದ ಬೆಟ್ಟದ ಮೇಲೆ ನಿಂತಿದೆ: ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಗೆಯಲ್ಲಿ ಒಣ ಎಲೆ ಕೊಟ್ಟಿಗೆಗೆ ಬರುತ್ತದೆ, ದನದ ಕಾಲಡಿ ಗೊಬ್ಬರವಾಗಿ ಮರದ ಬುಡ ಸೇರುತ್ತದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಸಿಕ್ಕಿದ್ದು ಈ ಕಾರಣಕ್ಕೇ. ತೋಟಕ್ಕೆ ಅನ್ನವಿಡುವ ಎಲೆಯ ಹಾಸಿನಲ್ಲೇ ಉಣುಗೂ ಇರುತ್ತದೆ.

ದನಗಳ ಪಾತ್ರ ಇನ್ನಷ್ಟು ಸೂಕ್ಷ್ಮ. ಅವು ಕಾಯಿಲೆ ಬೀಳುವುದಿಲ್ಲ, ಆದರೆ ಮೇಯಲು ಹೋದಾಗ ದೊಡ್ಡ ಉಣುಗುಗಳಿಗೆ ಆಹಾರವಾಗಿ ಅವುಗಳ ಸಂತತಿಯನ್ನು ಬೆಳೆಸುತ್ತವೆ. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಿಸಿದ್ದರಿಂದ ರೋಗ ಉಲ್ಬಣಿಸಿತೆಂದು ವಿಜ್ಞಾನಿ ಹೋರ್ಹೆ ಬೋಷೆಲ್ 1969ರಲ್ಲಿ ವಾದಿಸಿದ್ದರು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಬಳಿ ಗೇರು ನೆಡಲು ಕಾಡು ಸವರಿದಾಗ ಆ ಮಾತು ಭೀಕರವಾಗಿ ನಿಜವಾಯಿತು. ಸಾವಿರಕ್ಕೂ ಹೆಚ್ಚು ಮಂದಿಗೆ ರೋಗ ತಗಲಿತು, ನೂರಕ್ಕೂ ಹೆಚ್ಚು ಮಂದಿ ಸತ್ತರು.

ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನೇ ಸೋಂಕಿನ ಗೂಡಾಗಿಸುತ್ತವೆ. ಆದ್ದರಿಂದ ಮಂಗ ಸತ್ತ ಸುದ್ದಿ ಆರೋಗ್ಯ ಕೇಂದ್ರಕ್ಕೆ ಕೂಡಲೇ ಮುಟ್ಟಬೇಕು. ಆ ಜಾಗದ ಸುತ್ತ ಮೆಲಾಥಿಯಾನ್ ಕೀಟನಾಶಕದ ಪುಡಿ ಎರಚುತ್ತಾರೆ. ದಶಕಗಳ ಕಾಲ ಕೊಟ್ಟ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಉಳಿದಿರುವುದು ಉಣುಗು ಕಡಿಯದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ, ಮೈ ಮುಚ್ಚುವ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರ ಸ್ನಾನ.

ಕಾಡಿಗೆ ಹೋಗಬೇಡಿ ಎಂಬ ಎಚ್ಚರಿಕೆಯೂ ಪ್ರತಿ ವರ್ಷ ಬರುತ್ತದೆ. ಬೇರೆ ಗೊಬ್ಬರ, ಬೇರೆ ಸೌದೆ, ಬೇರೆ ಮೇವು ಕೊಡದೆ ಹೇಳುವ ಈ ಮಾತನ್ನು ಎರಡೆಕರೆಯ ರೈತನಾಗಲಿ, ದಿನಗೂಲಿಗೆ ದರಗು ಹೊರುವ ಹೆಂಗಸಾಗಲಿ ಪಾಲಿಸಲಾರರು. ಎಣ್ಣೆಯ ಪರಿಣಾಮವೂ ಕೆಲವೇ ತಾಸು. ಬೆಳಗ್ಗೆ ಹಚ್ಚಿಕೊಂಡು ಹೋದವರು ಮಧ್ಯಾಹ್ನ ಬೆಟ್ಟದಲ್ಲೇ ಮತ್ತೊಮ್ಮೆ ಹಚ್ಚಿಕೊಳ್ಳಬೇಕು.