ಬಿಸಿಲು ಒಬ್ಬನ ಕಣ್ಣಿಗೇ ಯಾಕೆ ಹೊಡೀಬೇಕು?

ಟಿವಿಯಲ್ಲಿ ಟೆನಿಸ್ ನೋಡಿದ್ದರೆ ಗಮನಿಸಿರುತ್ತೀರಿ. ಮೊದಲ ಗೇಮ್ ಮುಗಿದ ಕೂಡಲೇ ಆಟಗಾರರು ಬದಿ ಬದಲಿಸುತ್ತಾರೆ. ಆಮೇಲೆ ಎರಡು ಗೇಮ್ ಅಲ್ಲೇ ಆಡುತ್ತಾರೆ, ಮತ್ತೆ ಬದಲು. 1, 3, 5, 7 ಹೀಗೆ ಬೆಸ ಸಂಖ್ಯೆಯ ಗೇಮ್ ಮುಗಿದಾಗಲೆಲ್ಲ ಬದಲಿಸಬೇಕು. ಯಾಕೆ ಹೀಗೆ ಅಂತ ಹಿಂದಕ್ಕೆ ಹೋದರೆ ದಾರಿಯಲ್ಲಿ ನಮ್ಮ ಶ್ರೀರಂಗಪಟ್ಟಣವೂ ಸಿಗುತ್ತದೆ.

ಪಾಂಡವಪುರವನ್ನು ಬ್ರಿಟಿಷರು ಫ್ರೆಂಚ್ ರಾಕ್ಸ್ ಅಂತ ಕರೆಯುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬಿಡಾರ ಹೂಡಿದ್ದರು. ಆ ನಂಟಿನಿಂದಲೇ ಟಿಪ್ಪು ಮೂವರು ರಾಯಭಾರಿಗಳನ್ನು ಫ್ರಾನ್ಸಿಗೆ ಕಳಿಸಿದ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ದೊರೆ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಮರುವರ್ಷ ಜೂನ್ 20ರಂದು ಅದೇ ಊರಿನ ಟೆನಿಸ್ ಅಂಕಣವೊಂದರಲ್ಲಿ ಜನಪ್ರತಿನಿಧಿಗಳು ಸೇರಿ, ಸಂವಿಧಾನ ಆಗುವ ತನಕ ಚದುರುವುದಿಲ್ಲ ಅಂತ ಆಣೆ ಮಾಡಿದರು. ಫ್ರೆಂಚ್ ಕ್ರಾಂತಿ ಶುರುವಾಗಿದ್ದು ಹಾಗೆ. ನಮ್ಮವರು ಆ ಅಂಕಣ ನೋಡಿದ್ದರು ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಆಡುತ್ತಿದ್ದ ಆಟ ಮುಖ್ಯ.

ಅದು ಹಳೇ ಟೆನಿಸ್, ನಾಲ್ಕು ಗೋಡೆಯೊಳಗಿನ ಆಟ. ಸರ್ವ್ ಮಾಡುವುದು ಯಾವಾಗಲೂ ಒಂದೇ ತುದಿಯಿಂದ. ಚೆಂಡು ನೆಲಕ್ಕೆ ಎರಡನೇ ಸಲ ಬಿದ್ದರೆ ಕೆಲವೊಮ್ಮೆ ಪಾಯಿಂಟ್ ಯಾರಿಗೂ ಇಲ್ಲ, ಬಿದ್ದ ಜಾಗ ಗುರುತಿಡುತ್ತಿದ್ದರು. ಇಂಥ ಎರಡು ಗುರುತಾದರೆ, ಅಥವಾ ಒಬ್ಬ ಗೇಮ್ ಗೆಲ್ಲಲು ಒಂದೇ ಪಾಯಿಂಟ್ ದೂರವಿದ್ದಾಗ ಒಂದು ಗುರುತಾದರೂ, ಬದಿ ಬದಲಿಸಿ ಆ ಪಾಯಿಂಟ್ ಅನ್ನು ಮತ್ತೆ ಆಡಬೇಕು. ಬದಲಾವಣೆಗೂ ಬಿಸಿಲಿಗೂ ಸಂಬಂಧವೇ ಇರಲಿಲ್ಲ. ಸೂರು ಇದ್ದ ಮೇಲೆ ಬಿಸಿಲೆಲ್ಲಿ?

ಆಟ ಬಯಲಿನ ಹುಲ್ಲಿಗೆ ಬಂದಾಗ ಬಿಸಿಲು, ಗಾಳಿ ಎರಡೂ ಆಟಕ್ಕಿಳಿದವು. 1877ರ ಮೊದಲ ವಿಂಬಲ್ಡನ್‌ನಲ್ಲಿ ಸೆಟ್ ಮುಗಿದ ಮೇಲಷ್ಟೇ ಬದಲು. ಸೆಟ್ ಪೂರ್ತಿ ಒಬ್ಬನೇ ಸೂರ್ಯನಿಗೆ ಮುಖ ಕೊಡಬೇಕು. ಮುಂದೆ ಒಂದು ತಿದ್ದುಪಡಿ ಬಂತು: ಟಾಸ್‌ಗೆ ಮುಂಚೆ ಕೇಳಿಕೊಂಡರೆ, ಒಂದು ಬದಿಗೆ ಲಾಭವಿದೆ ಅಂತ ಅಂಪೈರ್‌ಗೂ ಅನ್ನಿಸಿದರೆ, ಪ್ರತಿ ಗೇಮ್‌ಗೂ ಬದಲಿಸಬಹುದು. ಕೇಳದವನಿಗೆ ಇಲ್ಲ. ಈಗಿನ ನಿಯಮದಲ್ಲಿ ಯಾರೂ ಯಾರನ್ನೂ ಕೇಳಬೇಕಿಲ್ಲ. ನನಗೆ ಈ ಇತಿಹಾಸದಲ್ಲಿ ದೊಡ್ಡದಾಗಿ ಕಾಣುವುದು ಇದೇ.

ಹಾಗಾದರೆ ಪ್ರತಿ ಗೇಮ್‌ಗೂ ಬದಲಿಸಬಹುದಿತ್ತಲ್ಲ? ಲೆಕ್ಕ ಹಾಕಿ ನೋಡಿ. ಸರ್ವ್ ಒಂದು ಗೇಮ್ ನಿಮ್ಮದು, ಒಂದು ನನ್ನದು. ನೀವು ಉತ್ತರದಿಂದ ಸರ್ವ್ ಮಾಡಿದಿರಿ. ಬದಿ ಬದಲಾಯಿತು, ಈಗ ಉತ್ತರಕ್ಕೆ ನಾನು ಬಂದೆ, ಸರ್ವ್ ನನ್ನದು. ಮತ್ತೆ ಬದಲು, ಉತ್ತರಕ್ಕೆ ನೀವು, ಸರ್ವ್ ನಿಮ್ಮದು. ಪಂದ್ಯ ಪೂರ್ತಿ ಸರ್ವ್ ಉತ್ತರದಿಂದಲೇ! ಬೆಸ ಗೇಮ್‌ಗೆ ಬದಲಿಸಿದರೆ ಇಬ್ಬರಿಗೂ ಎರಡೂ ತುದಿಯಿಂದ ಸರ್ವ್ ಸಿಗುತ್ತದೆ. ನೆಲದ ಮೇಲೆ ಗೆರೆ ಎಳೆದು, ಎರಡು ಕಲ್ಲಿಟ್ಟು ನೋಡಿ, ಗೊತ್ತಾಗುತ್ತದೆ. ಟೈಬ್ರೇಕ್‌ನಲ್ಲಿ ಪ್ರತಿ 6 ಪಾಯಿಂಟ್‌ಗೆ ಬದಲು. ಬದಲಾಗುವಾಗ 90 ಸೆಕೆಂಡ್ ಸಮಯ ಉಂಟು, ಸೆಟ್‌ನ ಮೊದಲ ಗೇಮ್ ಆದ ಮೇಲೆ ಮತ್ತು ಟೈಬ್ರೇಕ್‌ನಲ್ಲಿ ಮಾತ್ರ ಕೂರುವಂತಿಲ್ಲ.

ನಾಗಮಂಗಲ, ಕೆ.ಆರ್.ಪೇಟೆ ಕಡೆ ಟೆನಿಸ್‌ಗಿಂತ ವಾಲಿಬಾಲ್ ಹೆಚ್ಚು. ಅಲ್ಲಿ ಸೆಟ್‌ಗೊಮ್ಮೆ ಬದಲು, ಐದನೇ ಸೆಟ್‌ನಲ್ಲಿ 8 ಪಾಯಿಂಟ್‌ಗೆ ಬದಲು. ಆದರೆ ಹೊತ್ತು ಮುಳುಗುತ್ತದೆ ಅಂತ ಒಂದೇ ಸೆಟ್‌ಗೆ ಪಂದ್ಯ ಮುಗಿಸಿದರೆ ಪಡುವಣಕ್ಕೆ ಮುಖ ಮಾಡಿದ ತಂಡದ ಗತಿ ಏನು? ಅಂಥ ಕಡೆ 25ರ ಸೆಟ್ ಆದರೆ 13ಕ್ಕೆ ಬದಲಿಸೋಣ ಅಂತ ಟಾಸ್‌ಗೆ ಮುಂಚೆಯೇ ಕೇಳಿ.